ಗರ್ಭಿಣಿಯ ಭೀತಿ ಮತ್ತು ಸೀತಾಳೆ ಸಿಡುಬು: ಒಂದು ಐತಿಹಾಸಿಕ ಅವಲೋಕನ

ಸೀತಾಳೆ ಸಿಡುಬನ್ನು ನಾವು ಸಾಮಾನ್ಯವಾಗಿ ಮಕ್ಕಳ ರೋಗವೆಂದೇ ಎಣಿಸುತ್ತೇವೆ. ಆದರೆ ಬಾಲ್ಯದಲ್ಲಿ ಅದು ಬಾರದೆ ಉಳಿದ ಸ್ತ್ರೀಯೊಬ್ಬಳು ಗರ್ಭಿಣಿಯಾಗಿರುವಾಗ, ತಾನು ಎತ್ತಿಕೊಂಡಿದ್ದ ನೆರೆಮನೆಯ ಮಗುವಿಗೆ ಮರುದಿನ ಗುಳ್ಳೆಗಳೆದ್ದುವೆಂದು ಕೇಳಿದರೆ, ಆಕೆಯ ಕಳವಳ ಅಲ್ಪವಾದುದಲ್ಲ. ಗುಳ್ಳೆಗಳು ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ರೋಗಿಯಿಂದ ಸೋಂಕು ಹರಡತೊಡಗುತ್ತದೆ. ತಗುಲಿದವರಲ್ಲಿ ಲಕ್ಷಣ ತೋರಲು 10ರಿಂದ 21 ದಿನಗಳು ಬೇಕು. ಈ ಕಾಯುವಿಕೆಯ ಭೀತಿಗೂ ಒಂದು ಚರಿತ್ರೆಯುಂಟೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಒಂದು ರೋಗವನ್ನು ಕುರಿತು ನಿರ್ದಿಷ್ಟವಾಗಿ ಭಯಪಡಬೇಕಾದರೆ ಮೊದಲು ಆ ರೋಗವನ್ನು ಬೇರೆಯಾಗಿ ಗುರುತಿಸಿರಬೇಕು. ಶತಮಾನಗಳ ಕಾಲ ಸೀತಾಳೆಯನ್ನು ಸಿಡುಬಿನ ಸೌಮ್ಯರೂಪವೆಂದೇ ಅನೇಕರು ಭಾವಿಸಿದ್ದರು. ನಮ್ಮ ಜನರೂ ಎರಡನ್ನೂ ‘ಅಮ್ಮ’ ಎಂಬ ಒಂದೇ ಹೆಸರಿನಿಂದ ಕರೆದುದುಂಟು. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1767ರಲ್ಲಿ ಅಲ್ಲಿನ ವೈದ್ಯರ ಕಾಲೇಜಿನ ಮುಂದೆ ಓದಿದ ಪ್ರಬಂಧದಲ್ಲಿ ಇವೆರಡರ ಭೇದವನ್ನು ಸ್ಪಷ್ಟಪಡಿಸಿದನು. ಸೀತಾಳೆ ಬಂದುಹೋದವರು ಸಿಡುಬಿನಿಂದ ಪಾರಾದೆವೆಂದು ತಪ್ಪಾಗಿ ನಂಬಿ ಮೋಸಹೋಗಬಾರದೆಂಬುದು ಆತನ ಮುಖ್ಯ ಕಾಳಜಿಯಾಗಿತ್ತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಆಗ ಸೀತಾಳೆಯ ಮಹತ್ವವೆಲ್ಲ ಸಿಡುಬಿನ ದೃಷ್ಟಿಯಿಂದಲೇ ಅಳೆಯಲ್ಪಡುತ್ತಿತ್ತು.

ಇದು ಸಹಜವೇ ಆಗಿತ್ತು. ಸಿಡುಬು ಗರ್ಭಿಣಿಯರ ಪಾಲಿಗೆ ಮಹಾಮಾರಿಯಾಗಿತ್ತು. ಮದರಾಸಿನಲ್ಲಿ ಎ. ರಾಮಚಂದ್ರ ರಾವ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ಅಧ್ಯಯನವು, ಇತರರಿಗಿಂತ ಗರ್ಭಿಣಿಯರಲ್ಲಿ ಸಿಡುಬಿನ ರಕ್ತಸ್ರಾವಯುಕ್ತ ರೂಪವೂ ಮರಣವೂ ಹೆಚ್ಚೆಂಬುದನ್ನು ತೋರಿಸಿತು. ಅಂತಹ ಶತ್ರು ಎದುರಿಗಿದ್ದಾಗ ಸೀತಾಳೆಯನ್ನು ಲೆಕ್ಕಿಸುವವರು ವಿರಳ. 1980ರಲ್ಲಿ ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ಆ ದೊಡ್ಡ ನೆರಳು ಸರಿದ ಬಳಿಕವೇ ನಮ್ಮ ನಾಡಿನಲ್ಲಿ ಸೀತಾಳೆಯು ತನ್ನದೇ ಆದ ರೂಪದಲ್ಲಿ ಕಾಣಿಸಿಕೊಂಡಿತೆಂದರೆ ತಪ್ಪಾಗಲಾರದು.

ತಾಯಿಯ ರೋಗವು ಗರ್ಭಸ್ಥ ಶಿಶುವಿನ ಅಂಗರಚನೆಯನ್ನೇ ಕೆಡಿಸಬಲ್ಲುದೆಂಬ ವಿಚಾರಕ್ಕೆ ಬಲ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. 1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್, ರುಬೆಲ್ಲಾ ತಗುಲಿದ ತಾಯಂದಿರ ಶಿಶುಗಳಲ್ಲಿ ಹುಟ್ಟಿನಿಂದಲೇ ಕಣ್ಣಿನ ಪೊರೆಯಿರುವುದನ್ನು ಕಂಡು ವರದಿ ಮಾಡಿದನು. 1947ರಲ್ಲಿ ಅಮೆರಿಕದ ಲಫೋರೆ ಮತ್ತು ಲಿಂಚ್ ಎಂಬ ವೈದ್ಯರು, ಗರ್ಭಾವಸ್ಥೆಯಲ್ಲಿ ತಾಯಿಗೆ ಸೀತಾಳೆ ಬಂದು, ಮಗು ಹಲವು ಅಂಗದೋಷಗಳೊಡನೆ ಜನಿಸಿದ ಒಂದು ಪ್ರಸಂಗವನ್ನು ಪ್ರಕಟಿಸಿದರು. ಹೀಗೆ ಭೀತಿಗೆ ಆಧಾರ ದೊರೆಯಿತು. ಆದರೆ ಅದರ ಪ್ರಮಾಣವೆಷ್ಟೆಂಬುದು ತಿಳಿಯದೆ ಉಳಿಯಿತು. ಪ್ರಮಾಣವರಿಯದ ಭೀತಿ ಅಜ್ಞಾನಕ್ಕಿಂತಲೂ ಕ್ರೂರವಾದುದು.

ಅದನ್ನು ಅಳೆಯಲು ಸುಮಾರು ಅರ್ಧ ಶತಮಾನ ಹಿಡಿಯಿತು. 1994ರಲ್ಲಿ ಗಿಸೆಲಾ ಎಂಡರ್ಸ್ ಮತ್ತು ಸಹಕಾರಿಗಳು ಜರ್ಮನಿ ಮತ್ತು ಬ್ರಿಟನ್ನಿನಲ್ಲಿ, ಗರ್ಭಾವಸ್ಥೆಯಲ್ಲಿ ಸೀತಾಳೆಗೆ ತುತ್ತಾದ 1,373 ಸ್ತ್ರೀಯರ ಪರಿಶೀಲನೆಯ ಫಲವನ್ನು ಪ್ರಕಟಿಸಿದರು. ಈ ಅಂಗದೋಷಗಳು ಕಂಡುಬಂದುದು 9 ಶಿಶುಗಳಲ್ಲಿ ಮಾತ್ರ. ಮೊದಲ 12 ವಾರಗಳಲ್ಲಿ ರೋಗ ಬಂದವರಲ್ಲಿ ಅಪಾಯವು ಶೇಕಡಾ 0.4, 13ರಿಂದ 20ನೆಯ ವಾರದವರೆಗೆ ಶೇಕಡಾ 2. ಸರ್ಪಸುತ್ತಾಗಿದ್ದ 366 ತಾಯಂದಿರ ಶಿಶುಗಳಲ್ಲಿ ಈ ದೋಷದ ಲಕ್ಷಣಗಳು ಕಾಣಲಿಲ್ಲ. ಆದರೂ ತಾತ್ಸಾರ ಸಲ್ಲದು. ತಾಯಿಗೆ ನ್ಯುಮೋನಿಯಾ ತಗುಲಿದರೆ ಪ್ರಾಣಾಪಾಯವುಂಟು. ಹೆರಿಗೆಗೆ 5 ದಿನ ಮೊದಲಿನಿಂದ 2 ದಿನ ಅನಂತರದವರೆಗೆ ಆಕೆಗೆ ಗುಳ್ಳೆಗಳೆದ್ದರೆ ನವಜಾತ ಶಿಶುವಿಗೆ ರೋಗವು ಉಗ್ರವಾಗಬಹುದು.

ಅಳತೆಯ ಜೊತೆಗೆ ಉಪಾಯಗಳೂ ಬಂದುವು. ಥಾಮಸ್ ವೆಲ್ಲರ್ 1950ರ ದಶಕದಲ್ಲಿ ಈ ವೈರಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದನು. ಅದರಿಂದ, ಹಿಂದೆ ರೋಗ ಬಂದಿತ್ತೋ ಇಲ್ಲವೋ ಎಂಬುದನ್ನು ರಕ್ತಪರೀಕ್ಷೆಯಿಂದಲೇ ಅರಿಯುವ ದಾರಿ ತೆರೆಯಿತು. ನಿರೋಧಶಕ್ತಿಯಿಲ್ಲದವಳಿಗೆ ಸೋಂಕು ತಗುಲಿದ 10 ದಿನಗಳೊಳಗೆ ಕೊಡಬಹುದಾದ ಇಮ್ಯುನೊಗ್ಲಾಬ್ಯುಲಿನ್ ಮತ್ತು ಅಸೈಕ್ಲೊವಿರ್ ಔಷಧ ಬಳಕೆಗೆ ಬಂದುವು. ಜಪಾನಿನ ಮಿಚಿಯಾಕಿ ತಾಕಾಹಾಶಿ 1974ರಲ್ಲಿ ಲಸಿಕೆಯನ್ನು ವರದಿ ಮಾಡಿದನು. ಅದು ಜೀವಂತ ವೈರಾಣುವಿನ ಲಸಿಕೆಯಾದುದರಿಂದ ಗರ್ಭಿಣಿಯರಿಗೆ ಕೊಡುವಂತಿಲ್ಲ. ಗರ್ಭಧಾರಣೆಗೆ ಮುನ್ನವೇ ಹಾಕಿಸಬೇಕು.

ಈ ಚರಿತ್ರೆ ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದುದು. ಶೀತವಲಯದ ದೇಶಗಳಲ್ಲಿ ಲಸಿಕೆ ಬರುವ ಮುನ್ನ ಬಹುತೇಕ ಎಲ್ಲರಿಗೂ ಈ ರೋಗ ಬಾಲ್ಯದಲ್ಲಿಯೇ ಬಂದುಹೋಗುತ್ತಿತ್ತು. ಉಷ್ಣವಲಯದಲ್ಲಿ ಹಾಗಲ್ಲ, ಇಲ್ಲಿ ನಿರೋಧಶಕ್ತಿಯಿಲ್ಲದೆಯೇ ಪ್ರಾಯಕ್ಕೆ ಬರುವವರು ಹೆಚ್ಚು. ಆದುದರಿಂದ ಇಲ್ಲಿನ ಗರ್ಭಿಣಿಯ ಕಳವಳವನ್ನು ಮೂಢಭೀತಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಾಗೆಯೇ ಸೋಂಕು ತಗುಲಿತೆಂದೊಡನೆ ಗರ್ಭವೇ ಕೆಟ್ಟಿತೆಂದು ಎದೆಗೆಡುವುದಕ್ಕೂ ಆಧಾರವಿಲ್ಲ. ವೈದ್ಯಶಾಸ್ತ್ರದ ಇತಿಹಾಸವನ್ನು ನಾವು ಮರಣಗಳ ಇಳಿಕೆಯಿಂದ ಅಳೆಯುವುದು ವಾಡಿಕೆ. ಆಕಾರವಿಲ್ಲದ ಒಂದು ಭಯವನ್ನು, ಪರೀಕ್ಷಿಸಿ ಉತ್ತರ ಹೇಳಬಹುದಾದ ಪ್ರಶ್ನೆಯನ್ನಾಗಿ ಮಾರ್ಪಡಿಸಿದುದನ್ನೂ ಆ ಇತಿಹಾಸದ ಸಾಧನೆಗಳಲ್ಲಿ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ.