ಎರಡು ತುಂಡು ಬ್ರೆಡ್ಡು, ನಡುವೆ ಚೀಸು ಮತ್ತು ಅಮ್ಮನ ಒಂದು ಪ್ರಶ್ನೆ

ಮೊದಲೇ ಹೇಳಿಬಿಡ್ತೀನಿ, ಸ್ಯಾಂಡ್‌ವಿಚ್ ವಿಷಯದಲ್ಲಿ ನನ್ನ ಹತ್ತಿರ ರಾಜಿ ಇಲ್ಲ. ಜಗತ್ತಿನ ಅತ್ಯುತ್ತಮ ಸ್ಯಾಂಡ್‌ವಿಚ್ ಯಾವುದು ಅಂತ ಯಾರಾದರೂ ಕೇಳಿದರೆ ಎರಡನೇ ಯೋಚನೆ ಇಲ್ಲದೆ ಉತ್ತರ ಕೊಡ್ತೀನಿ: ಕೈಯಲ್ಲೇ ಕೊಯ್ದ ದಪ್ಪ ಬ್ರೆಡ್ಡು, ಅದಕ್ಕೆ ಧಾರಾಳವಾಗಿ ಬೆಣ್ಣೆ, ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾಗಿದ ಚೆಡ್ಡಾರ್ ಚೀಸು, ಅದರ ಪಕ್ಕಕ್ಕೆ ಅಮ್ಮ ಕಳಿಸಿದ ಮಾವಿನಕಾಯಿ ತೊಕ್ಕು. ಇಂಗ್ಲೆಂಡಿನವರು ತೊಕ್ಕಿನ ಜಾಗದಲ್ಲಿ ಬ್ರಾನ್‌ಸ್ಟನ್ ಪಿಕಲ್ ಅಂತ ಒಂದು ಸಿಹಿಹುಳಿ ಪದಾರ್ಥ ಹಚ್ಚುತ್ತಾರೆ. 1922ರಿಂದ ಮಾಡುತ್ತಾ ಬಂದಿದ್ದಾರೆ, ಅವರ ಪಾಡು ಅವರಿಗೆ. ಆದರೆ ಒಮ್ಮೆ ತೊಕ್ಕು ಹಚ್ಚಿಕೊಂಡು ತಿಂದವರು ಮತ್ತೆ ಆ ಬಾಟಲಿಯ ಕಡೆ ತಿರುಗಿ ನೋಡಲಾರರು :-)

ಇಷ್ಟು ಗಟ್ಟಿಯಾಗಿ ಮಾತಾಡುವ ನನಗೆ ಇದೇ ಸ್ಯಾಂಡ್‌ವಿಚ್ ವಿಷಯದಲ್ಲಿ ಹಲವು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡ ಒಂದು ಸಣ್ಣ ತಪ್ಪೂ ಇದೆ. ಅದನ್ನು ಕೊನೆಗೆ ಹೇಳ್ತೀನಿ. ಮೊದಲು ಸ್ವಲ್ಪ ಚರಿತ್ರೆ.

ಸ್ಯಾಂಡ್‌ವಿಚ್ ಅನ್ನೋ ಹೆಸರು ಎಲ್ಲಿಂದ ಬಂತು ಅನ್ನೋದಕ್ಕೆ ಎಲ್ಲರಿಗೂ ಗೊತ್ತಿರುವ ಕಥೆ ಒಂದಿದೆ. ಜಾನ್ ಮಾಂಟಗು (1718-1792) ಸ್ಯಾಂಡ್‌ವಿಚ್ ಎಂಬ ಊರಿನ ಹೆಸರು ಹೊತ್ತ ನಾಲ್ಕನೇ ಅರ್ಲ್, ಅಂದರೆ ಒಬ್ಬ ದೊಡ್ಡ ಜಹಗೀರುದಾರ. ಜೂಜಿನ ಮೇಜು ಬಿಟ್ಟು ಏಳಲು ಮನಸ್ಸಿಲ್ಲದೆ ಎರಡು ಬ್ರೆಡ್ಡಿನ ನಡುವೆ ಮಾಂಸ ಇಟ್ಟು ತರಿಸಿಕೊಂಡನಂತೆ. ಕಥೆ ಚೆನ್ನಾಗಿದೆ. ಆದರೆ ಇದಕ್ಕೆ ಆಧಾರ ಏನು ಅಂತ ಹುಡುಕಿದರೆ ಸಿಗುವುದು ಗ್ರೋಸ್ಲೆ ಎಂಬ ಒಬ್ಬ ಫ್ರೆಂಚ್ ಪ್ರವಾಸಿಯ ಪುಸ್ತಕ. ಆತ 1765ರಲ್ಲಿ ಲಂಡನ್ನಿಗೆ ಬಂದಿದ್ದ, 1770ರಲ್ಲಿ ಪುಸ್ತಕ ಅಚ್ಚಾಯಿತು. ಊರವರ ಬಾಯಲ್ಲಿ ಕೇಳಿದ್ದನ್ನು ಬರೆದುಕೊಂಡಿದ್ದಾನೆ, ಅಷ್ಟೆ. ಅದಕ್ಕೂ ಮುಂಚೆ, 1762ರ ನವೆಂಬರ್ 24ರಂದು, ರೋಮ್ ಸಾಮ್ರಾಜ್ಯದ ಚರಿತ್ರೆ ಬರೆದ ಎಡ್ವರ್ಡ್ ಗಿಬ್ಬನ್ ತನ್ನ ದಿನಚರಿಯಲ್ಲಿ ಈ ಪದ ಬಳಸಿದ್ದ. ಕೋಕೋ ಟ್ರೀ ಎಂಬ ಕ್ಲಬ್ಬಿನಲ್ಲಿ ದೊಡ್ಡ ಮನುಷ್ಯರೆಲ್ಲ ಸಣ್ಣ ಸಣ್ಣ ಮೇಜುಗಳ ಮುಂದೆ ಕೂತು ತಣ್ಣನೆಯ ಮಾಂಸವನ್ನೋ ಸ್ಯಾಂಡ್‌ವಿಚ್ಚನ್ನೋ ತಿನ್ನುತ್ತಿದ್ದುದನ್ನು ಕಂಡು ಬರೆದದ್ದು. ಅಂದರೆ ಆ ಹೊತ್ತಿಗಾಗಲೇ ಪದ ಚಾಲ್ತಿಯಲ್ಲಿತ್ತು, ಯಾರೂ ಅದಕ್ಕೆ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ಅರ್ಲ್‌ನ ಜೀವನಚರಿತ್ರೆ ಬರೆದ ಎನ್.ಎ.ಎಂ. ರಾಡ್ಜರ್ ಬೇರೆ ಮಾತು ಹೇಳುತ್ತಾರೆ. ಆತ ನೌಕಾಪಡೆಯ ಮಂತ್ರಿಯಾಗಿದ್ದವನು, ಬೆಳಗಿನಿಂದ ಕಡತಗಳ ಮುಂದೆ ಕೂರುತ್ತಿದ್ದವನು. ಸ್ಯಾಂಡ್‌ವಿಚ್ ಹುಟ್ಟಿದ್ದು ಜೂಜಿನ ಮೇಜಿಗಿಂತ ಆಫೀಸಿನ ಮೇಜಿನ ಮೇಲೆ ಇರಬಹುದು ಅಂತ. ಕ್ಯಾಪ್ಟನ್ ಕುಕ್ 1778ರಲ್ಲಿ ಹವಾಯಿ ದ್ವೀಪಗಳಿಗೆ ಸ್ಯಾಂಡ್‌ವಿಚ್ ದ್ವೀಪಗಳು ಅಂತ ಹೆಸರಿಟ್ಟಿದ್ದು ಇದೇ ಮನುಷ್ಯನ ಗೌರವಕ್ಕೆ. ದ್ವೀಪಗಳು ಆ ಹೆಸರನ್ನು ಕಳಚಿಕೊಂಡವು, ಬ್ರೆಡ್ಡು ಕಳಚಿಕೊಳ್ಳಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇವರಿಬ್ಬರ ಮಾತೂ ಪೂರ್ತಿಯಲ್ಲ. ಬ್ರೆಡ್ಡು ಚೀಸು ಗಂಟು ಕಟ್ಟಿಕೊಂಡು ಹೊಲಕ್ಕೆ ಹೋದವನು ಈ ಅರ್ಲ್ ಹುಟ್ಟುವುದಕ್ಕೆ ನೂರಾರು ವರ್ಷ ಮುಂಚೆಯೂ ಇದ್ದ. ನಮ್ಮಲ್ಲಿ ರೊಟ್ಟಿಯೊಳಗೆ ಚಟ್ನಿಪುಡಿ ಸುತ್ತಿ ಬುತ್ತಿ ಕಟ್ಟಿದವರು ಯಾರು ಅಂತ ಯಾರಾದರೂ ಬರೆದಿಟ್ಟಿದ್ದಾರಾ? ದುಡಿಯುವವನು ತಿಂದರೆ ಹೊಟ್ಟೆಪಾಡು, ದೊರೆ ತಿಂದರೆ ಚರಿತ್ರೆ. ಅಷ್ಟೇ ವ್ಯತ್ಯಾಸ.

ಈಗ ಚೀಸಿನ ಮಾತು. ಚೆಡ್ಡಾರ್ ಅನ್ನೋದು ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿರುವ ಒಂದು ಹಳ್ಳಿ. ಪಕ್ಕದಲ್ಲೇ ಸುಣ್ಣಕಲ್ಲಿನ ಕಡಿದಾದ ಕಣಿವೆ, ಅದರಲ್ಲಿ ಗುಹೆಗಳು. ಒಳಗೆ ವರ್ಷವಿಡೀ ಒಂದೇ ತಂಪು, ಒಂದೇ ತೇವ. ಚೀಸು ಮಾಗಲು ಇದಕ್ಕಿಂತ ಒಳ್ಳೆಯ ಉಗ್ರಾಣ ಬೇಕಾ? 1170ರಲ್ಲಿ ಎರಡನೇ ಹೆನ್ರಿ ದೊರೆ ಪೌಂಡಿಗೆ ಕಾಲು ಪೆನ್ನಿಯಂತೆ 10,240 ಪೌಂಡ್ ಚೆಡ್ಡಾರ್ ಕೊಂಡ ಲೆಕ್ಕ ಅವರ ಖಜಾನೆಯ ದಾಖಲೆಯಲ್ಲಿದೆ. ಅಂದರೆ ಸುಮಾರು ನಾಲ್ಕೂವರೆ ಟನ್! ಹೊಯ್ಸಳರು ಹಳೇಬೀಡಿನಲ್ಲಿ ಆಳುತ್ತಿದ್ದ ಕಾಲ ಅದು.

ಮಾಡುವ ಕ್ರಮ ಹೀಗೆ. ಹಾಲಿಗೆ ಹೆಪ್ಪು ಹಾಕಿ ಸ್ವಲ್ಪ ಹುಳಿ ಬರಿಸಿ, ರೆನೆಟ್ ಎಂಬುದನ್ನು ಬೆರೆಸಿದರೆ ಹಾಲು ಗಟ್ಟಿಯಾಗುತ್ತದೆ. ಅದನ್ನು ಸಣ್ಣಗೆ ಕೊಯ್ದು, ಬಿಸಿ ಮಾಡಿ, ತಿಳಿನೀರು ಬಸಿಯುತ್ತಾರೆ. ಇಷ್ಟರವರೆಗೆ ಬೇರೆ ಚೀಸುಗಳೂ ಹೀಗೇ. ಚೆಡ್ಡಾರಿನ ವಿಶೇಷ ಇದರ ನಂತರ: ಉಳಿದ ಗಟ್ಟಿಯನ್ನು ಇಟ್ಟಿಗೆಯಂತೆ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಮತ್ತೆ ಮತ್ತೆ ಮಗುಚಿ ಹಾಕುತ್ತಾರೆ. ತನ್ನ ಭಾರಕ್ಕೆ ತಾನೇ ಅಮುಕಿಕೊಂಡು ಇನ್ನಷ್ಟು ನೀರು ಇಳಿಯುತ್ತದೆ, ಹುಳಿ ಏರುತ್ತದೆ. ಆಮೇಲೆ ಪುಡಿ ಮಾಡಿ ಉಪ್ಪು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಬಟ್ಟೆ ಸುತ್ತಿ ತಿಂಗಳುಗಟ್ಟಲೆ ಇಡುತ್ತಾರೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜೋಸೆಫ್ ಹಾರ್ಡಿಂಗ್ ಎಂಬ ಸಾಮರ್ಸೆಟ್‌ನ ರೈತ ಇದಕ್ಕೆಲ್ಲ ಇಷ್ಟು ಬಿಸಿ, ಇಷ್ಟು ಹೊತ್ತು, ಇಷ್ಟು ಚೊಕ್ಕಟ ಅಂತ ಅಳತೆ ಕಟ್ಟಿದ. ಗುಟ್ಟು ಮಾಡದೆ ಕೇಳಿದವರಿಗೆಲ್ಲ ಕಲಿಸಿದ. ಹಾಗಾಗಿಯೇ ಚೆಡ್ಡಾರ್ ಅಮೆರಿಕಾ, ಆಸ್ಟ್ರೇಲಿಯಾ ಎಲ್ಲ ಕಡೆ ಹೋಯಿತು. ಹಾಗಾಗಿಯೇ ಆ ಹೆಸರನ್ನು ಯಾರು ಬೇಕಾದರೂ ಯಾವ ರಬ್ಬರಿನಂಥ ಪದಾರ್ಥಕ್ಕೆ ಬೇಕಾದರೂ ಇಡುವಂತಾಯಿತು.

ಇದಕ್ಕೆ ತದ್ವಿರುದ್ಧ ಸ್ಟಿಲ್ಟನ್. ಈ ನೀಲಿ ಗೆರೆಗಳ ಚೀಸು ಹೆಸರಾದದ್ದು ಸ್ಟಿಲ್ಟನ್ ಎಂಬ ಊರಿನ ಬೆಲ್ ಇನ್ ಎಂಬ ತಂಗುಮನೆಯಲ್ಲಿ ಮಾರಾಟವಾಗಿ, ಹದಿನೆಂಟನೇ ಶತಮಾನದಲ್ಲಿ. 1996ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು: ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಈ ಮೂರು ಜಿಲ್ಲೆಗಳಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ತಮಾಷೆ ಏನಪ್ಪಾ ಅಂದ್ರೆ ಸ್ಟಿಲ್ಟನ್ ಊರು ಈ ಮೂರರಲ್ಲಿ ಯಾವುದಕ್ಕೂ ಸೇರಿಲ್ಲ! ಸ್ಟಿಲ್ಟನ್ನಿನವರು ಸ್ಟಿಲ್ಟನ್ ಮಾಡಿ ಆ ಹೆಸರಲ್ಲಿ ಮಾರುವ ಹಾಗಿಲ್ಲ. ರುಚಿ? ಒಂದು ಚಮಚಕ್ಕಿಂತ ಹೆಚ್ಚು ನನ್ನಿಂದಾಗದು. ನನ್ನ ಪಟ್ಟಿಯಲ್ಲಿ ಅದಕ್ಕೆ ಮೂರನೇ ಸ್ಥಾನ, ಅದೂ ಗೌರವಕ್ಕೆ.

ಹಳ್ಳಿಯ ಚೆಡ್ಡಾರನ್ನು ಬಹುಪಾಲು ಮುಗಿಸಿದ್ದು ಎರಡನೇ ಮಹಾಯುದ್ಧ. 1941ರಲ್ಲಿ ಬ್ರಿಟನ್ನಿನಲ್ಲಿ ಚೀಸಿಗೆ ರೇಷನ್ ಬಂತು. ಸಾಮಾನ್ಯವಾಗಿ ಒಬ್ಬರಿಗೆ ವಾರಕ್ಕೆ ಎರಡು ಔನ್ಸ್, ಅಂದರೆ ಐವತ್ತೇಳು ಗ್ರಾಂ. ಹೊಲದ ಕೆಲಸದವರಿಗೂ, ಮಾಂಸದ ಕೂಪನ್ ಬಿಟ್ಟುಕೊಟ್ಟ ಸಸ್ಯಾಹಾರಿಗಳಿಗೂ ಸ್ವಲ್ಪ ಹೆಚ್ಚು. ಕೆಡದೆ ಉಳಿಯುವ, ಸಾಗಿಸಲು ಸುಲಭವಾದ ಒಂದೇ ಬಗೆಯ ಗಟ್ಟಿ ಚೀಸಿಗೆ ಮಾತ್ರ ಹಾಲು ಅಂತ ಸರ್ಕಾರ ನಿಂತಿತು. ಜನ ಅದನ್ನು ಸರ್ಕಾರಿ ಚೆಡ್ಡಾರ್ ಅಂತಲೇ ಕರೆದರು. ಹಸಿದವರಿಗೆ ಊಟ ಸಿಕ್ಕಿತು, ಅದನ್ನು ತಪ್ಪೆನ್ನಲಾರೆ. ಆದರೆ ಮನೆಮನೆಯ ಕೈರುಚಿ ಹೋಯಿತು. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಸಾವಿರಗಳಲ್ಲಿದ್ದ ಚೀಸು ಮಾಡುವ ರೈತಮನೆಗಳು ಎರಡನೆಯದು ಮುಗಿಯುವ ಹೊತ್ತಿಗೆ ನೂರರ ಆಸುಪಾಸಿಗೆ ಇಳಿದಿದ್ದವು. ಒಂದು ತಲೆಮಾರು ಮಾಡದೆ ಬಿಟ್ಟರೆ ಮುಂದಿನ ತಲೆಮಾರಿಗೆ ಹೇಳಿಕೊಡಲು ಯಾರಿರುತ್ತಾರೆ?

ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ಜನರನ್ನು ಮತ್ತೆ ಚೀಸಿನ ಕಡೆ ತಿರುಗಿಸಬೇಕಲ್ಲ? ಆಗ ಪ್ರಚಾರಕ್ಕೆ ಬಂದದ್ದು 'ಉಳುವವನ ಊಟ': ಬ್ರೆಡ್ಡು, ಚೀಸು, ಈರುಳ್ಳಿ ಉಪ್ಪಿನಕಾಯಿ, ಜೊತೆಗೆ ಬಿಯರು. ಚೀಸು ಮಾರಲು ಹುಟ್ಟಿದ ಒಂದು ಮಂಡಳಿ 1950ರ ದಶಕದಲ್ಲಿ ಶುರುಮಾಡಿದ್ದನ್ನು 1960ರ ದಶಕದಲ್ಲಿ ಹಾಲು ಮಾರಾಟ ಮಂಡಳಿ ಊರೂರಿಗೆ ಹಬ್ಬಿಸಿತು. ತಿನಿಸು ಹಳೆಯದೇ, ಹೆಸರು ಮತ್ತು ಠೀವಿ ಮಾತ್ರ ಜಾಹೀರಾತಿನವರದು. ಹಳ್ಳಿಯ ಪಬ್ಬಿನಲ್ಲಿ ಕೂತು 'ಆಹಾ, ಎಷ್ಟು ಪುರಾತನ ಊಟ' ಅಂತ ನಾನೂ ತಲೆದೂಗಿ ತಿಂದಿದ್ದೆ. ಮೋಸ ಹೋದದ್ದು ಗೊತ್ತಾದ ಮೇಲೂ ರುಚಿ ಕಮ್ಮಿಯಾಗಲಿಲ್ಲ ಅನ್ನೋದು ಬೇರೆ ವಿಷಯ.

ನಮ್ಮ ದೇಶದ ಚೀಸು ಬೇರೆ ದಾರಿಯಲ್ಲಿ ಬಂತು. 1911ರಲ್ಲಿ ಸ್ವಿಟ್ಜರ್‌ಲೆಂಡಿನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಚೀಸನ್ನು ಕರಗಿಸಿ, ಬೇಗ ಕೆಡದಂತೆ ಮತ್ತೆ ಗಟ್ಟಿ ಮಾಡುವುದನ್ನು ಕಂಡುಹಿಡಿದರು. 1916ರಲ್ಲಿ ಅಮೆರಿಕಾದ ಜೇಮ್ಸ್ ಕ್ರಾಫ್ಟ್ ತನ್ನದೇ ವಿಧಾನಕ್ಕೆ ಪೇಟೆಂಟ್ ಪಡೆದ. ಅದೇ ಪ್ರೊಸೆಸ್ಡ್ ಚೀಸು. ಬಿಸಿಲಿನ ದೇಶಕ್ಕೆ ಹೇಳಿ ಮಾಡಿಸಿದ್ದು. ನಾವೆಲ್ಲ ಚಿಕ್ಕಂದಿನಲ್ಲಿ ಚೀಸು ಅಂತ ಕಂಡದ್ದೇ ಅಮುಲ್‌ನ ತಗಡಿನ ಡಬ್ಬಿ. ಆ ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ 1949ರಲ್ಲಿ ಆನಂದ್‌ಗೆ ಹೋಗುವ ಮುಂಚೆ, ಅಮೆರಿಕಾಕ್ಕೂ ಹೋಗುವ ಮುಂಚೆ, ತರಬೇತಿಗೆ ಅಂತ ಕೆಲವು ತಿಂಗಳು ಇದ್ದದ್ದು ನಮ್ಮ ಬೆಂಗಳೂರಿನ ಹೈನುಗಾರಿಕೆ ಸಂಸ್ಥೆಯಲ್ಲಿ. 1923ರಲ್ಲಿ ಶುರುವಾದ ಆ ಸಂಸ್ಥೆಗೆ 1927ರಲ್ಲಿ ಗಾಂಧೀಜಿ ಕೂಡ ಹಸು ಸಾಕುವುದನ್ನು ಕಲಿಯಲು ಬಂದಿದ್ದರು. ಎಮ್ಮೆ ಹಾಲಿನಿಂದ ಮಗುವಿನ ಆಹಾರ ಮಾಡುವ ವಿಧಾನವನ್ನು ಅಮುಲ್‌ಗೆ ಕೊಟ್ಟದ್ದು ಮೈಸೂರಿನ ಸಿ.ಎಫ್.ಟಿ.ಆರ್.ಐ.

ಪ್ರೊಸೆಸ್ಡ್ ಚೀಸನ್ನು ಬಯ್ಯುವುದು ದೊಡ್ಡಸ್ತಿಕೆ ಅಂದುಕೊಂಡವರಿದ್ದಾರೆ. ನಾನು ಆ ಗುಂಪಿಗೆ ಸೇರಲ್ಲ. ಮುಂಬೈ ಬೀದಿಯ ಸ್ಯಾಂಡ್‌ವಿಚ್‌ನಲ್ಲಿ ಹಸಿರು ಚಟ್ನಿ, ಆಲೂಗಡ್ಡೆ, ಬೀಟ್‌ರೂಟ್, ಸೌತೆಕಾಯಿ ಇವುಗಳ ಮೇಲೆ ಅಮುಲ್ ತುರಿದು ಹಾಕಿದರೇ ಸರಿ. ಅಲ್ಲಿಗೆ ಮಾಗಿದ ಚೆಡ್ಡಾರ್ ಹಾಕಿದರೆ ಎರಡೂ ಕೆಡುತ್ತವೆ. ಇದಕ್ಕೆ ನನ್ನ ಎರಡನೇ ಸ್ಥಾನ. ಅಯ್ಯಂಗಾರ್ ಬೇಕರಿಯ ಮಸಾಲೆ ಟೋಸ್ಟನ್ನು ಯಾಕೆ ಬಿಟ್ಟೆ ಅಂತ ಜಗಳಕ್ಕೆ ಬರಬೇಡಿ, ನಾನು ಹಾಸನದವನೇ. ಅದು ಒಂದೇ ಬ್ರೆಡ್ಡಿನ ಮೇಲೆ ನಿಂತಿದೆ, ಆದ್ದರಿಂದ ಸ್ಯಾಂಡ್‌ವಿಚ್ ಅಲ್ಲ. ಸ್ಪರ್ಧೆಗೆ ಹೊರಗಿನದು, ಸ್ಪರ್ಧೆಗಿಂತ ಮೇಲಿನದು.

ಈಗ ತಪ್ಪಿನ ವಿಷಯಕ್ಕೆ ಬರೋಣ.

ನಾನು ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದಾಗ ಅಮ್ಮ ಮೂರು ತಿಂಗಳು ಬಂದಿದ್ದರು. ಹೊರಗೆ ಚಳಿ, ಒಳಗೆ ಹೊತ್ತು ಹೋಗದು. ಒಂದು ಸಂಜೆ ಹೆಂಚಿನ ಮೇಲೆ ಚೆಡ್ಡಾರ್ ಸ್ಯಾಂಡ್‌ವಿಚ್ ಮಾಡಿಕೊಟ್ಟೆ. ಅಮ್ಮನಿಗೆ ಬಹಳ ಹಿಡಿಸಿತು. ತಿನ್ನುತ್ತಾ ಕೇಳಿದರು, 'ಇದು ಬರೀ ಹಾಲಿಂದ್ಲೇನೋ ಮಾಡೋದು?' ನಾನು ಹಿಂದೆ ಮುಂದೆ ನೋಡದೆ 'ಹ್ಞೂಂ ಅಮ್ಮ, ಹಾಲು, ಹೆಪ್ಪು, ಉಪ್ಪು, ಅಷ್ಟೆ' ಅಂದೆ. ಆಮೇಲೆ ವಾರಕ್ಕೆರಡು ದಿನ ಅದೇ ಆಯಿತು.

ಅಮ್ಮ ಊರಿಗೆ ಹೋದ ಮೇಲೆ ಒಂದು ದಿನ ಪೊಟ್ಟಣ ತಿರುಗಿಸಿ ನೋಡಿದರೆ ಸಸ್ಯಾಹಾರಕ್ಕೆ ಸರಿ ಅನ್ನುವ ಗುರುತು ಇರಲೇ ಇಲ್ಲ. ರೆನೆಟ್ ಅಂದರೆ ಏನು ಅಂತ ಆಗ ಓದಿದೆ. ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಲ್ಲಿ ತಾಯಿಯ ಹಾಲನ್ನು ಗಟ್ಟಿ ಮಾಡುವ ಕೈಮೋಸಿನ್ ಎಂಬ ಕಿಣ್ವ ಇರುತ್ತದೆ. ಕೊಂದ ಕರುವಿನ ಜಠರದಿಂದ ಅದನ್ನು ತೆಗೆಯುವುದು ಸಾವಿರಾರು ವರ್ಷದ ರೂಢಿ. 1874ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಹ್ಯಾನ್ಸೆನ್ ಅದನ್ನು ಒಂದೇ ಹದದ ದ್ರವವಾಗಿ ಮಾರತೊಡಗಿದ. ಇದೊಂದೇ ದಾರಿಯಲ್ಲ. ಪೋರ್ಚುಗಲ್ಲಿನ ಕೆಲವು ಕಡೆ ಮುಳ್ಳುಗಿಡದ ಹೂವಿನಿಂದಲೇ ಹಾಲು ಗಟ್ಟಿ ಮಾಡುತ್ತಾರೆ. ಒಂದು ಜಾತಿಯ ಬೂಷ್ಟಿನಿಂದ ತೆಗೆದ ಕಿಣ್ವವೂ ಬಂತು. 1990ರಲ್ಲಿ ಸೂಕ್ಷ್ಮಜೀವಿಗಳಿಂದಲೇ ತಯಾರಿಸಿದ ಕೈಮೋಸಿನ್‌ಗೆ ಅಮೆರಿಕಾ ಒಪ್ಪಿಗೆ ಕೊಟ್ಟಿತು. ಈಗ ಸಸ್ಯಾಹಾರಿಗಳಿಗೂ ಸಲ್ಲುವ ಒಳ್ಳೆಯ ಚೆಡ್ಡಾರ್ ಬೇಕಾದಷ್ಟಿದೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಮಾತ್ರ ಕರುವಿನ ರೆನೆಟ್ಟೇ ಆಗಬೇಕು ಅನ್ನೋದು ಅವರ ಕಾನೂನು. ಎಷ್ಟು ಹೊಗಳಿದರೂ ನನ್ನ ಪಟ್ಟಿಗೆ ಅದು ಬರುವುದಿಲ್ಲ.

ಹಲವು ವರ್ಷ ಸುಮ್ಮನಿದ್ದೆ. ಹೇಳಿ ಏನು ಪ್ರಯೋಜನ, ಸುಮ್ಮನೆ ಅವರ ಮನಸ್ಸು ಯಾಕೆ ಕೆಡಿಸಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಕಳೆದ ಬಾರಿ ಊರಿಗೆ ಹೋದಾಗ ಪಕ್ಕದ ಮನೆಯ ಹಸು ಈದಿತ್ತು, ಗಿಣ್ಣುಹಾಲು ಕೊಟ್ಟಿದ್ದರು. ಅಮ್ಮ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರು. ಹೆಪ್ಪಿಲ್ಲ, ರೆನೆಟ್ ಇಲ್ಲ, ಆ ಮೊದಲ ಹಾಲಿನಲ್ಲಿರುವ ಪ್ರೋಟೀನಿಗೆ ಬಿಸಿ ತಾಕಿದರೆ ಸಾಕು, ತಾನಾಗೇ ಗಟ್ಟಿಯಾಗುತ್ತದೆ. ಕರು ಕುಡಿದು ಮಿಕ್ಕಿದ್ದನ್ನಷ್ಟೇ ತಗೋಬೇಕು, ಅದರ ಪಾಲು ಕಿತ್ತರೆ ಒಳ್ಳೇದಾಗಲ್ಲ ಅಂತ ಅಮ್ಮ ಮಾತಿಗೆ ಮಾತು ಬಂದು ಹೇಳಿದರು. ಆಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ತಿಂದಿದ್ದು ತಿಂದಾಯ್ತು. ಆದ್ರೆ ಗೊತ್ತಿಲ್ಲ ಅಂತ ಆವತ್ತೇ ಹೇಳ್ಬಹುದಿತ್ತಲ್ಲೋ' ಅಂದರು.

ಅಷ್ಟೇ. ಬಯ್ದಿದ್ದರೆ ಹಗುರವಾಗುತ್ತಿತ್ತು.

ಈ ಸಲ ಹೊರಡುವಾಗ ತೊಕ್ಕಿನ ಡಬ್ಬಿ ಎಂದಿನಂತೆ ಬ್ಯಾಗಿನಲ್ಲಿತ್ತು. ಈಗ ಅಂಗಡಿಯಲ್ಲಿ ಚೀಸು ಕೈಗೆತ್ತಿಕೊಂಡರೆ ಮೊದಲು ಹಿಂಬದಿಯನ್ನೇ ಓದುತ್ತೇನೆ. ನನ್ನ ಒಂದನೇ ಸ್ಥಾನ ಬದಲಾಗಿಲ್ಲ: ದಪ್ಪ ಬ್ರೆಡ್ಡು, ಬೆಣ್ಣೆ, ಚೆಡ್ಡಾರ್, ತೊಕ್ಕು. ಆದರೆ ಚೀಸುಗಳ ಪಟ್ಟಿಯಲ್ಲಿ ಚೆಡ್ಡಾರಿಗಿಂತ ಮೇಲೆ ಒಂದು ಹೆಸರು ಸೇರಿದೆ, ಗಿಣ್ಣು. ಅದು ಚೀಸೇ ಅಲ್ಲ ಅನ್ನುವವರು ಬನ್ನಿ, ಕೂತು ಜಗಳ ಆಡೋಣ.