ಅಸಲು ಉಳಿದರೆ ಬಡ್ಡಿ

ಕಮಲಾಪುರದ ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅವರ ಸೊಸೆ ಮನೆಯ ಹೊಲದ ತೊಗರಿಯನ್ನು ಬೇಳೆ ಮಾಡಿಸಿ, ಕಿಲೊ ಲೆಕ್ಕದಲ್ಲಿ ಪಾಕೀಟು ಕಟ್ಟಿ ಮಾರುವ ಸಣ್ಣ ವ್ಯಾಪಾರಕ್ಕೆ ಇಳಿದಿದ್ದಾಳೆ. ಕಲಬುರಗಿಗೆ ತರಬೇತಿಗೆಂದು ಹೋದಾಗ ಯಾರೋ ‘ನಿಮ್ಮದು ಅಥೆಂಟಿಕ್ ಬ್ರ್ಯಾಂಡ್ ಆಗಬೇಕು’ ಎಂದರಂತೆ. ಮನೆಗೆ ಬಂದವಳು ಕೇಳಿದಳು: ‘ಮಾವಾರ, ಅಥೆಂಟಿಕ್ ಅಂದ್ರ ನಮ್ಮ ಮಾತಿನಾಗ ಏನಂತಾರ್ರಿ? ಪಾಕೀಟಿನ ಮ್ಯಾಲ ಬರೆಸಬೇಕಾಗ್ಯಾದ.’ ಮಾವ ‘ಅಸಲಿ ಅಂತ ಬರೆಸವಾ’ ಎಂದರು. ಮಗ ‘ಅಪ್ಪಟ’ ಚಂದ ಎಂದ. ಬೀಗರು ‘ಶುದ್ಧ’ ಎಂದರು. ಮೂವರೂ ಪಟ್ಟು ಬಿಡದ ಕಾರಣ ತೀರ್ಪು ನನ್ನ ಪಾಲಿಗೆ ಬಂದಿದೆ.

‘ಶುದ್ಧ’ವನ್ನು ತುಪ್ಪದ ಡಬ್ಬಿ, ನೀರಿನ ಬಾಟಲಿಗಳ ಮೇಲೆ ಅಂಟಿಸಿ ಅಂಟಿಸಿ ಸವೆಸಿದ್ದೇವೆ. ‘ಅಪ್ಪಟ’ ಬಂಗಾರಕ್ಕೆ ಒಪ್ಪುತ್ತದೆ, ರೇಷ್ಮೆಗೆ ಒಪ್ಪುತ್ತದೆ, ಬೇಳೆಗೆ ಯಾಕೋ ದೊಡ್ಡದಾಯಿತು. ನನ್ನ ಮನಸ್ಸು ಕೂತದ್ದು ಮಾವನ ಮಾತಿನ ಮೇಲೆ. ಆದರೆ ಅದನ್ನು ಅವರು ಹೇಳಿದ ರೂಪದಲ್ಲಿ ಒಪ್ಪಲಾರೆ.

‘ಅಸಲಿ’ಗೆ ಈಗ ಕೆಟ್ಟ ಕಾಲ. ಟಿವಿ ಹಚ್ಚಿದರೆ ‘ಅಸಲಿ ಕಹಾನಿ’, ‘ಅಸಲಿ ಮುಖ’, ‘ಅಸಲಿ ಆಟ ಈಗ ಶುರು’. ‘ಅಸಲಿ ಸತ್ಯ’ ಎಂದೂ ಕೂಗುತ್ತಾರೆ. ಸತ್ಯಕ್ಕೂ ಅಸಲಿ ಎಂಬ ವಿಶೇಷಣ ಬೇಕಾಯಿತೆಂದರೆ ನಾವು ಎರಡೂ ಪದಗಳನ್ನು ಕೆಡಿಸಿದಂತೆಯೇ. ಅಂಗಡಿ ಬೋರ್ಡುಗಳೂ ಹಿಂದೆ ಬಿದ್ದಿಲ್ಲ: ಅಸಲಿ ಜೇನು, ಅಸಲಿ ಬೆಲ್ಲ, ಅಸಲಿ ಖಾರ. ಇದನ್ನು ನೋಡಿದಾಗಲೆಲ್ಲ ನನಗೆ ‘ಅಸಲು’ ನೆನಪಾಗುತ್ತದೆ. ಸಾಲದ ಅಸಲು. ಬಡ್ಡಿಯ ಜೊತೆ ಬರುವ ಅಸಲು.

ಈ ಪದ ಯಾವ ದೇಶದಿಂದ ಹೊರಟಿತು ಎಂಬುದನ್ನು ನಿಘಂಟು ಹೇಳುತ್ತದೆ. ಅದು ನಮ್ಮೂರಿಗೆ ಯಾವ ಬಾಗಿಲಿಂದ ಬಂತು ಎಂಬುದು ನನ್ನ ಪ್ರಶ್ನೆ. ಕಲಬುರಗಿ 1347ರಲ್ಲಿ ಬಹಮನಿ ರಾಜಧಾನಿಯಾಯಿತು. ಮುಂದೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತವಿತ್ತು, ಕೊನೆಯ ದಶಕಗಳಲ್ಲಿ ಕಚೇರಿಯ ಕಾಗದಗಳು ಉರ್ದುವಿನಲ್ಲಿದ್ದವು. ಹಾಗಾಗಿ ದರ್ಬಾರು, ಕಚೇರಿಗಳಿಂದಲೇ ಪದ ಇಳಿದುಬಂತು ಎಂದು ಬಲ್ಲವರು ಹೇಳುತ್ತಾರೆ. ನಾನು ಗಂಜಿನಿಂದ, ಅಂದರೆ ದವಸದ ಪೇಟೆಯಿಂದ, ಬಂತು ಎನ್ನುತ್ತೇನೆ. ಜೋಳ, ತೊಗರಿ ಬೆಳೆಯುವ ರೈತನಿಗೆ ದರ್ಬಾರಿನಲ್ಲಿ ಏನು ಕೆಲಸ? ಅವನ ಬದುಕು ಅಡತಿ ಅಂಗಡಿಯ ಖಾತೆ ಪುಸ್ತಕದಲ್ಲಿತ್ತು. ಬಿತ್ತನೆಗೆ ಕೈಗಡ, ರಾಶಿಯಾದ ಮೇಲೆ ತೀರುವಳಿ.

ನನ್ನ ಸಾಕ್ಷಿ ವ್ಯಾಕರಣದಲ್ಲಿದೆ. ‘ಅಸಲು’ ಸಂಪೂರ್ಣ ಕನ್ನಡವಾಗಿಬಿಟ್ಟಿದೆ. ಅಸಲಿನ, ಅಸಲಿಗೆ, ಅಸಲಲ್ಲಿ ಎಂದು ವಿಭಕ್ತಿಗಳನ್ನೆಲ್ಲ ಹೊತ್ತು ನಡೆಯುತ್ತದೆ. ‘ಅಸಲಿ’ ಮಾತ್ರ ಇನ್ನೂ ನೆಂಟರ ಹಾಗೆ ಹೊರಪಡಸಾಲೆಯಲ್ಲೇ ಕೂತಿದೆ, ಯಾವ ಪ್ರತ್ಯಯವನ್ನೂ ಮುಟ್ಟುವುದಿಲ್ಲ. ಹಣದ ಪದ ಮೊದಲು ಬಂದು ಬೇರು ಬಿಟ್ಟಿತು, ಸರಕಿನ ಪದ ಆಮೇಲೆ ಬಂತು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಡ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ‘ಅಸಲಿಗೆ ಬರೋಣ’, ‘ಅಸಲಿಗೆ ಆಗಿದ್ದೇನೆಂದರೆ’ ಎನ್ನುತ್ತೇವಲ್ಲ, ಆ ‘ಅಸಲಿಗೆ’ ಹುಟ್ಟಿದ್ದೂ ಗಂಜಿನಲ್ಲೇ ಎಂದು ನಾನು ನಂಬಿದ್ದೇನೆ. ರೈತ ದುಡ್ಡು ಎಣಿಸಿ ಕೊಡುತ್ತಾನೆ. ಅದು ಯಾವುದಕ್ಕೆ ಜಮಾ ಆಯಿತು ಎಂಬುದೇ ಅವನ ಜೀವದ ಪ್ರಶ್ನೆ: ಬಡ್ಡಿಗೋ, ಅಸಲಿಗೋ? ಬಡ್ಡಿಗೆ ಹೋದರೆ ಕೊಟ್ಟೂ ಕೊಟ್ಟಂತಲ್ಲ. ಅಸಲಿಗೆ ಹೋದರೆ ಭಾರ ಇಳಿದಂತೆ. ಆ ಪ್ರಶ್ನೆಯನ್ನು ತಲೆಮಾರುಗಳ ಕಾಲ ಕೇಳಿ ಕೇಳಿ, ಮಾತಿನಲ್ಲೂ ಮುಖ್ಯವಾದದ್ದಕ್ಕೆ ಬರುವುದೆಂದರೆ ಅಸಲಿಗೆ ಬರುವುದು ಎಂದಾಯಿತು. ಭಾಷಾಶಾಸ್ತ್ರದವರು ಒಪ್ಪಲಿ ಬಿಡಲಿ, ನಾನು ಇದನ್ನು ಬಿಟ್ಟುಕೊಡುವುದಿಲ್ಲ.

ಈಗ ಗಾದೆ. ‘ಅಸಲಿಗಿಂತ ಬಡ್ಡಿ ಮ್ಯಾಲ ಜೀವ.’ ಮೊಮ್ಮಕ್ಕಳನ್ನು ಮುದ್ದು ಮಾಡುವ ಅಜ್ಜ ಅಜ್ಜಿಯರನ್ನು ಕಂಡಾಗ ಆಡುವ ಮಾತು. ಮಕ್ಕಳು ಅಸಲು, ಮೊಮ್ಮಕ್ಕಳು ಬಡ್ಡಿ. ನಮ್ಮ ಆಯಿ ಬಿಸಿ ರೊಟ್ಟಿಯ ಮೇಲೆ ತುಪ್ಪ, ಬೆಲ್ಲ ಹಾಕಿ ಮೊದಲು ನನಗೆ ಕೊಡುತ್ತಿದ್ದಳು. ಹೊಲದಿಂದ ಬಂದ ಅಪ್ಪ ಕಾಯುತ್ತ ಕೂತಿರುತ್ತಿದ್ದ. ‘ನನಗ ಹಸಿವಿಲ್ಲೇನು?’ ಎಂದರೆ ಆಯಿ, ‘ಅಸಲು ಎಲ್ಲಿ ಓಡಿ ಹೋಗ್ತದ, ಬಡ್ಡಿ ಮೊದಲ ಉಣ್ಣಲಿ’ ಎನ್ನುತ್ತಿದ್ದಳು. ಮೂಲೆಯಲ್ಲಿ ಕೂತ ಮುತ್ಯಾ ಈ ಮಾತನ್ನು ಹಾಗೇ ಬಿಡುತ್ತಿರಲಿಲ್ಲ. ‘ಅಸಲು ಸೊರಗಿದ್ರ ಬಡ್ಡಿ ಎಲ್ಲಿಂದ ಬರ್ತದ? ಅವನಿಗೂ ಹಾಕು’ ಎನ್ನುತ್ತಿದ್ದ. ಆಯಿ ಮರುಮಾತಿಲ್ಲದೆ ಇನ್ನೊಂದು ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಗಾದೆಯನ್ನು ಎಲ್ಲರೂ ಹೇಳುತ್ತಾರೆ, ಮುತ್ಯಾನ ಆ ಉತ್ತರವನ್ನು ನಾನು ಬೇರೆಲ್ಲೂ ಕೇಳಿಲ್ಲ. ಪ್ರೀತಿ ಬಡ್ಡಿಯ ಮೇಲಿರಲಿ, ಅದು ಸಹಜ. ಚಿಂತೆ ಮಾತ್ರ ಅಸಲಿನ ಮೇಲೇ ಇರಬೇಕು. ಮನೆ ನಡೆಸಿದ ಮುದುಕನ ಲೆಕ್ಕ ಇದು. ಅಂಗಡಿ ನಡೆಸುವವರಿಗೆ ನಾನು ಹೇಳಬೇಕೆಂದಿರುವುದೂ ಇಷ್ಟೇ. ಪಾಕೀಟು, ಬಣ್ಣ, ಹೆಸರು, ಮೊಬೈಲಿನಲ್ಲಿ ಬರುವ ಫೋಟೊ ಇವೆಲ್ಲ ಬಡ್ಡಿ. ಇವುಗಳ ಮೇಲೆ ಜೀವ ಇಡುವುದು ತಪ್ಪಲ್ಲ. ಅಸಲು ಯಾವುದು ಎಂಬುದನ್ನು ಮರೆಯುವುದು ತಪ್ಪು.

ಕಲಬುರಗಿ ಬೇಳೆಯ ಅಸಲು ಮಣ್ಣಿನಲ್ಲಿದೆ. ಶಹಾಬಾದ, ಸೇಡಂ ಸುತ್ತ ನೆಲ ಅಗೆದರೆ ಸುಣ್ಣಕಲ್ಲು. ಆ ಕಲ್ಲಿನ ಮೇಲಿನ ಕಪ್ಪು ಎರೆ ಭೂಮಿಯಲ್ಲಿ ಸುಣ್ಣದ ಅಂಶವಿದೆ, ಪೊಟ್ಯಾಷ್ ಇದೆ. ಅದರಿಂದಲೇ ಇಲ್ಲಿನ ಬೇಳೆ ಬೇಗ ಬೇಯುತ್ತದೆ, ಬೇಯುವಾಗ ಘಮ ಎನ್ನುತ್ತದೆ. ಮುಂಗಾರಿಗೆ ಬಿತ್ತಿ ಚಳಿಗಾಲಕ್ಕೆ ರಾಶಿ ಮಾಡುವ ಈ ಬೆಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮನ್ನಣೆ ಸಿಕ್ಕಿತು. ಊರಿನ ಹೆಸರು 2014ರ ನವೆಂಬರ್ 1ರಂದೇ ಕಲಬುರಗಿ ಆಗಿತ್ತಾದರೂ ಬೇಳೆ ದಾಖಲೆಗೆ ಸೇರಿದ್ದು ‘ಗುಲಬರ್ಗಾ’ ಎಂಬ ಹೆಸರಿನಲ್ಲೇ. ಬೋರ್ಡು ಬದಲಾದರೂ ಹೊಲ ಬದಲಾಗಲಿಲ್ಲ, ಬೇಳೆಯ ರುಚಿಯೂ ಬದಲಾಗಲಿಲ್ಲ.

ಮ್ಯಾನ್ಮಾರ್, ತಾಂಜಾನಿಯಾ, ಮೊಜಾಂಬಿಕ್‌ಗಳಿಂದಲೂ ದೇಶಕ್ಕೆ ತೊಗರಿ ಬರುತ್ತದೆ. ಮೊಜಾಂಬಿಕ್ ಜೊತೆ 2016ರಲ್ಲಿ ಸರ್ಕಾರವೇ ಒಪ್ಪಂದ ಮಾಡಿಕೊಂಡಿತು. ಅದೂ ತೊಗರಿಯೇ, ಅದನ್ನು ಬೆಳೆದವನೂ ಬೆವರು ಸುರಿಸಿದ ರೈತನೇ. ಅದನ್ನು ಅದರ ಹೆಸರಿನಲ್ಲಿ ಮಾರಿದರೆ ಯಾರಿಗೂ ನಷ್ಟವಿಲ್ಲ. ಅದಕ್ಕೆ ನಮ್ಮೂರ ಹೆಸರು ಹಚ್ಚಿದ ದಿನ ಎರಡೂ ಊರುಗಳ ಅಸಲು ಕರಗುತ್ತದೆ.

ಕಮಲಾಪುರಕ್ಕೆ ಬರೋಣ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದವರಿಗೆ ಕೆಂಪು ಬಾಳೆಹಣ್ಣಿನ ಊರು ಎಂದೇ ಅದು ಪರಿಚಯ. ತೊಗರಿಗಿಂತ ಎಷ್ಟೋ ಮೊದಲೇ ಜಿಐ ಪಡೆದ ಹಣ್ಣು ಇದು. ಹೊರಗೆ ಕೆಂಪು ಸಿಪ್ಪೆ, ಒಳಗೆ ಕೆನೆಬಣ್ಣದ ತಿರುಳು. ಇದರ ಅಸಲು ಕಾಯುವಿಕೆಯಲ್ಲಿದೆ. ಸಾಮಾನ್ಯ ಬಾಳೆ ಸುಮಾರು ಒಂದು ವರ್ಷದಲ್ಲಿ ಗೊನೆ ಕೊಟ್ಟು ಮುಗಿಸುವಲ್ಲಿ ಇದು ಹೆಚ್ಚುಕಡಿಮೆ ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ದಿನ ತಿಪ್ಪೆಗೊಬ್ಬರ ಬೇಕು, ನೀರು ಬೇಕು, ಆಳು ಬೇಕು. ಹಣ್ಣಿನ ಬೆಲೆ ಹೆಚ್ಚೆಂದು ಗೊಣಗುವವರು ಆ ತಿಂಗಳುಗಳನ್ನು ಎಣಿಸುವುದಿಲ್ಲ. ಇಂಥ ಹಣ್ಣಿನ ಪಕ್ಕದಲ್ಲಿ ‘ಅಸಲಿ’ ಎಂಬ ಬೋರ್ಡು ಕಂಡರೆ ನನಗೆ ಕಸಿವಿಸಿಯಾಗುತ್ತದೆ. ನಕಲಿ ಊರಿಗೆ ಬಂದ ಮೇಲೆಯೇ ಅಸಲಿ ಎಂಬ ಬೋರ್ಡು ಏಳುವುದು.

ಪಾಪ, ‘ನಕಲು’ ಕೂಡ ಮರ್ಯಾದಸ್ಥ ಪದವೇ. ತಹಶೀಲ್ದಾರ್ ಕಚೇರಿಯಲ್ಲಿ ಪಹಣಿಯ ನಕಲು ತೆಗೆಸುತ್ತೇವೆ. ಮೇಲೆ ಮೊಹರು, ಕೆಳಗೆ ಸಹಿ. ಅದನ್ನು ಹಿಡಿದು ಬ್ಯಾಂಕಿಗೆ ಹೋದರೆ ಸಾಲ ಸಿಗುತ್ತದೆ. ತಾನು ನಕಲು ಎಂದು ತಾನೇ ಹೇಳಿಕೊಳ್ಳುವುದರಿಂದ ಅದಕ್ಕೆ ಆ ಗೌರವ. ಸಂತೆಗೆ ಬಂದು ಕೊನೆಯ ‘ಉ’ ಹೋಗಿ ‘ಇ’ ಬಂದಾಗ ಅದು ಮೋಸವಾಯಿತು. ಅಸಲು ‘ಅಸಲಿ’ಯಾದಾಗ ಜಂಬವಾಯಿತು. ಎರಡೂ ಪದ ಕೆಟ್ಟಿದ್ದು ಒಂದೇ ಅಕ್ಷರದಲ್ಲಿ.

ಕಾನೂನು ಬರೆದವರಿಗೆ ಈ ಅಸಲು-ಬಡ್ಡಿಯ ಭೇದ ಚೆನ್ನಾಗಿ ಗೊತ್ತಿತ್ತು ಎನಿಸುತ್ತದೆ. 1999ರಲ್ಲಿ ಎರಡು ಕಾಯ್ದೆಗಳಾದವು, ಒಂದು ಟ್ರೇಡ್‌ಮಾರ್ಕ್‌ಗೆ, ಇನ್ನೊಂದು ಭೌಗೋಳಿಕ ಸೂಚಕಕ್ಕೆ. ಎರಡೂ 2003ರ ಸೆಪ್ಟೆಂಬರ್ 15ರಂದು ಒಟ್ಟಿಗೇ ಜಾರಿಗೆ ಬಂದವು. ಎರಡರ ನೋಂದಣಿಯನ್ನೂ 10 ವರ್ಷಕ್ಕೊಮ್ಮೆ ನವೀಕರಿಸಬೇಕು. ವ್ಯತ್ಯಾಸ ಇರುವುದು ಇಲ್ಲಿ: ನಿಮ್ಮ ಅಂಗಡಿಯ ಟ್ರೇಡ್‌ಮಾರ್ಕ್ ನಿಮ್ಮದು, ಮನಸ್ಸಾದರೆ ಮಾರಬಹುದು, ಇನ್ನೊಬ್ಬರಿಗೆ ಬಳಸಲು ಕೊಡಬಹುದು. ಊರಿನ ಹೆಸರು ಹೊತ್ತ ಜಿಐ ಹಾಗಲ್ಲ. ಆ ಕಾಯ್ದೆಯ 24ನೇ ಕಲಮಿನ ಪ್ರಕಾರ ಅದನ್ನು ಪರಭಾರೆ ಮಾಡುವಂತಿಲ್ಲ, ಗಿರವಿ ಇಡುವಂತಿಲ್ಲ, ಅಡವು ಹಾಕುವಂತಿಲ್ಲ. ಆ ಹೆಸರು ಬಳಸಲು ನೋಂದಾಯಿಸಿಕೊಂಡ ಅಧಿಕೃತ ಬಳಕೆದಾರ ತೀರಿಕೊಂಡರೆ ಹಕ್ಕು ಅವನ ವಾರಸುದಾರರಿಗೆ ಬರುತ್ತದೆ. ಕಲಬುರಗಿ ಎಂಬ ಅಸಲನ್ನು ಯಾವ ಸಾಹುಕಾರನೂ ಗಿರವಿ ಹಿಡಿಯಲಾರ ಎಂದು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹೆಸರಿನ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳೇ ದಾರಿ ತೋರಿಸಿದ್ದಾರೆ. ಜೋಳದ ರೊಟ್ಟಿ ಬಡಿಯುವ ಮಹಿಳೆಯರು ಸಹಕಾರ ಸಂಘ ಕಟ್ಟಿಕೊಂಡು ‘ಕಲಬುರಗಿ ರೊಟ್ಟಿ’ ಎಂದು ಮಾರುತ್ತಿದ್ದಾರೆ. 2025ರ ಜೂನ್ 29ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಅದನ್ನು ಪ್ರಸ್ತಾಪಿಸಿದಾಗ ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿವೆ ಎಂದಿದ್ದರು. ಊರಿನ ಹೆಸರು, ತಿನಿಸಿನ ಹೆಸರು, ಎರಡೇ ಪದ. ಅಸಲಿ ಇಲ್ಲ, ಅಪ್ಪಟ ಇಲ್ಲ, ಸ್ಪೆಷಲ್ ಇಲ್ಲ. ಬಿಸಿನೀರಿನಲ್ಲಿ ಹಿಟ್ಟು ನಾದಿ, ಕೈಯಿಂದ ಬಡಿದು, ಹಂಚಿನ ಮೇಲೆ ನೀರು ಸವರಿ ಸುಟ್ಟದ್ದನ್ನು ತಿಂದವರಿಗೆ ವಿಶೇಷಣದ ಅಗತ್ಯ ಬೀಳುವುದಿಲ್ಲ. ಎದುರಿಗಿರುವ ಇಂಥ ಮಾದರಿ ಬಿಟ್ಟು ನಮ್ಮ ಹುಡುಗರು ತಮ್ಮ ಉಪ್ಪಿನಕಾಯಿಗೂ ಶೇಂಗಾ ಹಿಂಡಿಗೂ ಇಂಗ್ಲಿಷ್ ಹೆಸರು ಹುಡುಕುತ್ತಾರಲ್ಲ, ಅದು ನನಗೆ ಅರ್ಥವಾಗದ ಸಂಗತಿ. ಶೇಂಗಾ ಹಿಂಡಿ ಎಂದು ಬಾಯಲ್ಲಿ ಹೇಳುವಾಗಲೇ ನೀರೂರುತ್ತದೆ.

ಹಾಗಾಗಿ ತೀರ್ಪು ಇದು. ಪಾಕೀಟಿನ ಮೇಲೆ ಮೂರೂ ವಿಶೇಷಣ ಬೇಡ. ಹೊಲ ಯಾವ ಊರಿನದು, ತಳಿ ಮಾರುತಿಯೋ ಗುಳ್ಯಾಳವೋ, ಯಾವ ವರ್ಷದ ರಾಶಿ, ಬೇಳೆ ಮಾಡಿಸಿದ್ದು ಎಲ್ಲಿ, ಎಣ್ಣೆ ಹಚ್ಚಿದ್ದೋ ಇಲ್ಲವೋ, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆಸಲಿ. ಜಿಐ ಹೆಸರು ಬಳಸುವುದಾದರೆ ಮೊದಲು ಅಧಿಕೃತ ಬಳಕೆದಾರರ ಪಟ್ಟಿಗೆ ಸೇರಲಿ. ಬೇಕಾದವರು ಬಂದು ಹೊಲ ನೋಡಿ ಹೋಗುವಂತಿರಲಿ.

ಸಣ್ಣ ವ್ಯಾಪಾರಿಯ ಹೆಸರು ಪರೀಕ್ಷೆಗೆ ಬೀಳುವುದು ನೆಟೆ ರೋಗ ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ. ಗಿರಾಕಿಗಳು ಕೇಳುತ್ತಲೇ ಇರುತ್ತಾರೆ, ಮನೆಯಲ್ಲಿ ಮಾಲು ಇರುವುದಿಲ್ಲ. ಗಂಜಿನಲ್ಲಿ ಬೇರೆ ತೊಗರಿ ಬೇಕಾದಷ್ಟಿರುತ್ತದೆ, ಪಾಕೀಟುಗಳೂ ಅಚ್ಚಾಗಿ ಬಂದಿರುತ್ತವೆ. ಆಗ ‘ಈ ವರ್ಷದ್ದು ಮುಗೀತ್ರಿ, ಮುಂದಿನ ರಾಶಿಗೆ ಬರ್ರಿ’ ಎಂದು ಹೇಳಬಲ್ಲವರ ಅಸಲು ಉಳಿಯುತ್ತದೆ. ಒಂದು ಹಂಗಾಮಿನ ಬಡ್ಡಿ ಹೋಗಬಹುದು, ಹೋಗಲಿ. ಮುಂದಿನ ವರ್ಷ ಅದೇ ಗಿರಾಕಿ ನಾಲ್ಕು ಜನರನ್ನು ಕರೆದುಕೊಂಡು ಬರುತ್ತಾನೆ.