ಶಾನುಭೋಗರ ಕಡತದಿಂದ ಗಣಕಯಂತ್ರದ ಪರದೆಗೆ

ಹೊಲ ರೈತನದು, ಆದರೆ ಅದು ಅವನದೆಂದು ಹೇಳುವ ಪಹಣಿ ಬಹುಕಾಲ ಬೇರೆಯವರ ಕೈಯಲ್ಲಿತ್ತು. ಯಾರ ಜಮೀನು, ಎಷ್ಟು ವಿಸ್ತೀರ್ಣ, ಯಾವ ಬೆಳೆ ಎಂಬ ಈ ದಾಖಲೆಯನ್ನು ಮೊದಲು ಬರೆಯುತ್ತಿದ್ದವರು ವಂಶಪಾರಂಪರ್ಯದ ಶಾನುಭೋಗರು. 1960ರ ದಶಕದಲ್ಲಿ ಆ ಪದ್ಧತಿ ರದ್ದಾದ ಮೇಲೆ ಕಡತ ಗ್ರಾಮ ಲೆಕ್ಕಿಗರ ವಶಕ್ಕೆ ಬಂತು. ಬೆಳೆಸಾಲಕ್ಕೂ ನ್ಯಾಯಾಲಯಕ್ಕೂ ಪಹಣಿ ಬೇಕೇ ಬೇಕು. ಅದಕ್ಕಾಗಿ ರೈತ ಲೆಕ್ಕಿಗರು ಸಿಗುವವರೆಗೆ ಕಾಯಬೇಕಿತ್ತು. ಎಷ್ಟೋ ವೇಳೆ ಕೈ ಬೆಚ್ಚಗೆ ಮಾಡಬೇಕಿತ್ತು. ಯಾರಾದರೂ ದಾಖಲೆ ತಿದ್ದಿದರೆ ಅವನಿಗೆ ತಿಳಿಯುತ್ತಲೇ ಇರಲಿಲ್ಲ.

ಈ ಕಟ್ಟು ಬಿಚ್ಚಿದ್ದು ಕರ್ನಾಟಕದ ‘ಭೂಮಿ’ ಯೋಜನೆ. 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದ್ದವು. ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಕೈಗೆ ಬರುತ್ತಿತ್ತು. ಒಳಗೆ ನಡೆಯುವ ಕೆಲಸ ಕಾಣಲೆಂದು ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನೂ ಇಡಲಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡಬೇಕು; ಸಿಬ್ಬಂದಿ ಬೆರಳಚ್ಚು ಕೊಟ್ಟೇ ದಾಖಲೆಗೆ ಕೈ ಹಾಕಬೇಕು ಎಂಬ ಕಟ್ಟುಪಾಡು ಬಂತು.

ಆದರೆ ಯಂತ್ರ ಹೇಳುವುದು ಅದರೊಳಗೆ ತುಂಬಿದ್ದನ್ನು ಮಾತ್ರ. ಹಳೆಯ ಕಡತದ ತಪ್ಪುಗಳು ಪರದೆಗೂ ಬಂದವು. ಬಾಯಿಮಾತಿನ ಗೇಣಿಗೆ ಉಳುವವನಿಗೆ, ಪಾಲು ದಾಖಲಾಗದ ಹೆಣ್ಣುಮಗಳಿಗೆ ಅಲ್ಲೂ ಜಾಗವಿರಲಿಲ್ಲ. ತೆರೆದ ದಾಖಲೆ ಜಮೀನು ಹುಡುಕುವ ದಲ್ಲಾಳಿಗೂ ತೆರೆದೇ ಇತ್ತು. ನೋಡುವ ಹಕ್ಕಿನ ಜೊತೆಗೆ, ಬರೆದದ್ದನ್ನು ಪ್ರಶ್ನಿಸಿ ತಿದ್ದಿಸುವ ಬಲವೂ ರೈತನಿಗೆ ಬೇಕೆಂಬುದು ಈ ಪ್ರಯೋಗ ಕಲಿಸಿದ ಪಾಠ.